ಅಂಗಡಿ ಮುಚ್ಚಿದ ಮೇಲಿನ ಕೊಟ್ಟಿಗೆಹಾರ

ಹಿರಿಯರು: ಕೊಟ್ಟಿಗೆಹಾರ ದಾರಿಗಳು ಕೂಡುವ ಊರು. ಮೂಡಿಗೆರೆ, ಬಣಕಲ್ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಮುಂದೆ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಮಂಗಳೂರಿನ ಕಡೆಗೆ ಹೋಗುತ್ತದೆ. ಇನ್ನೊಂದು ದಾರಿ ಬಾಳೂರಿನ ಮೇಲಾಸಿ ಕಳಸ, ಹೊರನಾಡಿನತ್ತ ತಿರುಗುತ್ತದೆ. ಘಾಟಿ ಹತ್ತಿ ಬಂದವರು ಉಸಿರು ಬಿಡುವುದು ಇಲ್ಲಿ, ಇಳಿಯುವವರು ಬ್ರೇಕು, ಟೈರು ನೋಡಿಕೊಳ್ಳುವುದೂ ಇಲ್ಲಿ. ಹೀಗೆ ನಿಂತವರಿಗೆ ಊಟ, ತಿಂಡಿ, ಚಾ ಕೊಡುವುದರಿಂದಲೇ ಊರಿನ ಪೇಟೆ ಬೆಳೆದಿದೆ. ನಿಂತವರು ನೀರ್ ದೋಸೆ ತಿನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ.

ಕಿರಿಯ: ತೊಂದರೆ ಅದೇ ಸಾರ್. ಎಲ್ಲರ ಫೋನಿನಲ್ಲೂ ಅವೇ ಚಿತ್ರಗಳು. ದೋಸೆಯ ತಟ್ಟೆ, ಮಂಜು ತುಂಬಿದ ತಿರುವು, ಘಾಟಿಯ ಬದಿಯಲ್ಲಿ ಧುಮುಕುವ ನೀರು, ಕೊಡೆ ಹಿಡಿದ ಗೆಳೆಯರ ಗುಂಪು. ಬೆಂಗಳೂರಿನ ಒಂದು ಬಡಾವಣೆಯನ್ನೂ ಇಷ್ಟು ಸಲ ತೆಗೆದಿರಲಿಕ್ಕಿಲ್ಲ. ಇನ್ನು ಅಲ್ಲಿ ಕ್ಯಾಮರಾ ಹಿಡಿದು ಮಾಡುವುದೇನು?

ಹಿರಿಯರು: ಇಷ್ಟು ಚಿತ್ರಗಳನ್ನು ಎಲ್ಲಿಂದ ತೆಗೆದಿದ್ದಾರೆ ಎಂದು ನೋಡಬೇಕು. ಗಾಡಿ ನಿಲ್ಲಿಸಲು ಎಲ್ಲಿ ಜಾಗವಿದೆಯೋ ಅಲ್ಲಿಂದಲೇ, ಬೆಳಗಿನ ತಿಂಡಿಯ ಹೊತ್ತಿನಿಂದ ಸಂಜೆಯ ಚಾ ಹೊತ್ತಿನೊಳಗೆ. ರಾತ್ರಿ ಹತ್ತರ ನಂತರದ ಕೊಟ್ಟಿಗೆಹಾರದ ಚಿತ್ರ ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಬಹಳ ಸಲ ತೆಗೆದ ಜಾಗಗಳಿಗೆಲ್ಲ ಇದೇ ಗತಿ. ಮೈಸೂರು ಅರಮನೆಯನ್ನು ರಾತ್ರಿಯೇ ಹೆಚ್ಚು ತೆಗೆಯುತ್ತಾರೆ ನಿಜ, ಆದರೆ ಅದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಒಂದು ಲಕ್ಷದ ಹತ್ತಿರದ ಬಲ್ಬುಗಳು ಉರಿಯುವ ಮುಕ್ಕಾಲು ಗಂಟೆಯ ರಾತ್ರಿ. ಬಲ್ಬು ಆರಿದ ಮೇಲೆ ಅದೇ ಕಟ್ಟಡ, ಅದೇ ಅಂಗಳ ಹೇಗಿರುತ್ತದೆ ಎಂಬುದನ್ನು ನೋಡಿದವರು ಕಾವಲಿನವರು ಮಾತ್ರ.

ಕಿರಿಯ: ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹಾಗಲ್ಲ. ನಸುಕಿನ ಹೂವಿನ ವ್ಯಾಪಾರವನ್ನು ತೆಗೆಯದ ಛಾಯಾಗ್ರಾಹಕರೇ ಇಲ್ಲ.

ಹಿರಿಯರು: ಅದನ್ನೂ ಬಹುಪಾಲು ಮೇಲಿನ ಮಹಡಿಯಿಂದ, ಕೆಳಗೆ ಹರಡಿದ ಬಣ್ಣಕ್ಕಾಗಿ ತೆಗೆಯುತ್ತಾರೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿದ್ದು ಆ ಮಾರುಕಟ್ಟೆಯ ಆಸುಪಾಸಿನಲ್ಲೇ, ಶಿವನಸಮುದ್ರದಿಂದ ಬಂದ ಕರೆಂಟಿನಲ್ಲಿ. ಬೀದಿಗೆ ದೀಪ ಬಂದ ಮೇಲೆ ರಾತ್ರಿ ಎಂಬುದು ಬೇರೆಯೇ ಒಂದು ಹೊತ್ತಾಯಿತು. ಅಂಗಡಿಯವನಿಗೆ, ಹಮಾಲಿಗೆ, ಗಾಡಿ ಓಡಿಸುವವನಿಗೆ ಅದು ದುಡಿಮೆಯ ಹೊತ್ತು. ಅದನ್ನು ಚಿತ್ರದಲ್ಲಿ ಹಿಡಿಯುವವರು ಹುಟ್ಟಿಕೊಂಡದ್ದೂ ಆಮೇಲೆಯೇ. ಪ್ಯಾರಿಸ್ ನಗರವನ್ನು ಆ ವೇಳೆಗಾಗಲೇ ಸಾವಿರಾರು ಜನ ಬರೆದಿದ್ದರು, ತೆಗೆದಿದ್ದರು. ಛಾಯಾಗ್ರಾಹಕ ಬ್ರಸಾಯ್ ಅಲ್ಲಿ ನಡುರಾತ್ರಿಯ ನಂತರ ಓಡಾಡಿ, 1930ರ ದಶಕದ ಆರಂಭದಲ್ಲಿ ‘ಪಾರಿ ದ ನ್ವಿ’ ಎಂಬ ಪುಸ್ತಕ ತಂದ. ದೀಪಸ್ತಂಭಗಳು, ಒದ್ದೆ ಕಲ್ಲುಹಾಸು, ಕೆಲಸದವರು, ಬಾಗಿಲಲ್ಲಿ ನಿಂತ ಹೆಂಗಸರು, ಪೊಲೀಸರು ಎಲ್ಲ ಅದರಲ್ಲಿದ್ದರು. ಬಿಲ್ ಬ್ರಾಂಟ್ 1938ರಲ್ಲಿ ಲಂಡನ್ನಿನ ರಾತ್ರಿಗೆ ಇದೇ ಕೆಲಸ ಮಾಡಿದ. ಟೋಕಿಯೋದ ಶಿಂಜುಕುವಿನಷ್ಟು ಕ್ಯಾಮರಾಕ್ಕೆ ಸಿಕ್ಕ ಪೇಟೆ ಕಡಿಮೆ. ದೈದೋ ಮೊರಿಯಾಮ ಅಲ್ಲಿಗೆ ದಶಕಗಳ ಕಾಲ ಮರಳಿ ಮರಳಿ ಹೋಗಿದ್ದಾನೆ.

ಕಿರಿಯ: ಅವೆಲ್ಲ ದೊಡ್ಡ ನಗರಗಳು. ಕೊಟ್ಟಿಗೆಹಾರದಲ್ಲಿ ಹತ್ತು ಗಂಟೆಗೆ ಬಹುತೇಕ ಅಂಗಡಿಗಳ ಬಾಗಿಲು ಬಿದ್ದಿರುತ್ತದೆ. ತೆಗೆಯಲು ಬೆಳಕಾದರೂ ಎಲ್ಲಿ?

ಹಿರಿಯರು: ಇಡೀ ವಿಷಯದ ಬೇರು ಇಲ್ಲಿದೆ. ಹಗಲಿನ ಬೆಳಕು ಯಾರದ್ದೂ ಅಲ್ಲ. ರಾತ್ರಿ ಸರ್ಕಲ್ಲಿನಲ್ಲಿ ಬೀಳುವ ಒಂದೊಂದು ಬೆಳಕಿಗೂ ಒಬ್ಬ ಒಡೆಯನಿದ್ದಾನೆ. ಹೋಟ್ಲಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದಾರೆ, ನಾಳೆಗೆ ಅಕ್ಕಿ ನೆನೆಸುತ್ತಿದ್ದಾರೆ. ಹೆಡ್‌ಲೈಟ್ ಬಿದ್ದರೆ ಒಬ್ಬ ಡ್ರೈವರ್ ಎಚ್ಚರವಾಗಿದ್ದಾನೆ. ಬಸ್ಸಿನೊಳಗಿನ ನೀಲಿ ದೀಪ ಕಂಡರೆ ಯಾರೋ ಇಳಿಯುವವರಿದ್ದಾರೆ. ಬೀದಿದೀಪ ಪಂಚಾಯಿತಿಯದು, ಅದಕ್ಕೆ ಕರೆಂಟು ಮೆಸ್ಕಾಂನದು. ಈ ಬೆಳಕುಗಳನ್ನು ಒಂದೊಂದಾಗಿ ಗುರುತಿಸಿ, ಯಾವುದು ಯಾರದು, ಎಷ್ಟು ಹೊತ್ತಿಗೆ ಹೊತ್ತುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ ಎಂದು ತಿಳಿಯುವುದೇ ರಾತ್ರಿಯ ಛಾಯಾಗ್ರಹಣ. ಕ್ಯಾಮರಾದ ಲೆಕ್ಕ ಆಮೇಲಿನದು.

ಕಿರಿಯ: ಹಾಗಾದರೆ ಒಂದೊಂದೇ ನೋಡೋಣ. ಮೊದಲು ಬೀದಿದೀಪ.

ಹಿರಿಯರು: ಬೀದಿದೀಪದಲ್ಲಿ ಎರಡು ತಲೆಮಾರು. ಹಳೆಯದು ಸೋಡಿಯಂ ದೀಪ, ಕಿತ್ತಳೆ ಬೆರೆತ ಹಳದಿ. ಬಣ್ಣದ ತಾಪಮಾನದಲ್ಲಿ ಅದು ಸುಮಾರು 2000 ಕೆಲ್ವಿನ್. ಅದರ ಕೆಳಗೆ ಹಸಿರು ಎಲೆ ಕಂದಾಗುತ್ತದೆ, ನೀಲಿ ಅಂಗಿ ಕಪ್ಪಾಗುತ್ತದೆ, ಏಕೆಂದರೆ ಆ ಬೆಳಕಿನಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ದೀಪದಲ್ಲೇ ಇಲ್ಲದ ಬಣ್ಣ ಬರುವುದಿಲ್ಲ. ಹೊಸದು ಎಲ್‌ಇಡಿ. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಯೋಜನೆ 2015ರ ಜನವರಿಯಲ್ಲಿ ಶುರುವಾಯಿತು. ಎಲ್‌ಇಡಿಯ ಬಿಳಿ ಹಗಲಿಗೆ ಹತ್ತಿರ. ಅದರ ಅಡಿಯಲ್ಲಿ ಬಣ್ಣಗಳೆಲ್ಲ ಇರುತ್ತವೆ, ಆದರೆ ಬೆಳಕು ನೇರವಾಗಿ ಕೆಳಗೆ ಬೀಳುವುದರಿಂದ ಕಂಬದ ಬುಡ ಬೆಳ್ಳಗೆ, ನಾಲ್ಕು ಮಾರು ಆಚೆ ಗವ್ವೆನ್ನುವ ಕತ್ತಲು.

ಕಿರಿಯ: ಇವೆರಡೂ ಒಂದೇ ಚಿತ್ರದಲ್ಲಿ ಬಂದರೆ ಯಾವುದಕ್ಕೆ ಹೊಂದಿಸುವುದು?

ಹಿರಿಯರು: ಯಾವುದಕ್ಕೂ ಪೂರ್ತಿ ಹೊಂದಿಸಬಾರದು. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 3500ರಿಂದ 4000 ಕೆಲ್ವಿನ್ ನಡುವೆ ಒಂದು ಕಡೆ ನಿಲ್ಲಿಸಿದರೆ ಹಳದಿ ಹಳದಿಯಾಗಿ, ಬಿಳಿ ತುಸು ನೀಲಿಯಾಗಿ ಉಳಿಯುತ್ತದೆ. ನೋಡುವವನಿಗೆ ಇದು ಹಳೆಯ ದೀಪ, ಅದು ಹೊಸದು ಎಂಬುದು ಅದರಿಂದಲೇ ತಿಳಿಯುತ್ತದೆ. ಎರಡನ್ನೂ ಒಂದೇ ಬಿಳಿಗೆ ತಂದರೆ ಚಿತ್ರ ಚೊಕ್ಕಟವಾಗುತ್ತದೆ, ಊರು ಕಳೆದುಹೋಗುತ್ತದೆ.

ಕಿರಿಯ: ಟ್ಯೂಬ್‌ಲೈಟು, ಅಂಗಡಿಯ ಎಲ್‌ಇಡಿ ಬೋರ್ಡಿನ ಮುಂದೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುವುದುಂಟು. ಅದೇಕೆ?

ಹಿರಿಯರು: ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುವಂಥದ್ದು. ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ವೇಗದ ಶಟರಿಗೆ ಕಾಣುತ್ತದೆ. ಶಟರನ್ನು 1/100, 1/50 ಅಥವಾ 1/25ಕ್ಕೆ ಇಟ್ಟರೆ ಮಿನುಗಿನ ಪೂರ್ತಿ ಸುತ್ತುಗಳು ಒಳಗೆ ಸೇರಿ ಪಟ್ಟಿ ಮಾಯವಾಗುತ್ತದೆ. ಟ್ಯೂಬ್‌ಲೈಟಿನ ಹೋಟ್ಲಿನ ಮುಂಭಾಗಕ್ಕೆ ಐಎಸ್‌ಒ 1600, ಅಪರ್ಚರ್ 2.8, ಶಟರ್ 1/50 ಎಂದು ಶುರುಮಾಡಿ ಅಲ್ಲಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕೈಯಲ್ಲೇ ಹಿಡಿದು ತೆಗೆಯಲು ಇದು ಸಾಕು. ಕಾವಲಿಯ ಮುಂದೆ ನಿಂತವರ ಕೈ ತುಸು ಅಲುಗಿದ್ದು ಕಂಡರೆ ನಷ್ಟವಿಲ್ಲ, ಅದು ಕೆಲಸ ಮಾಡುವ ಕೈ.

ಕಿರಿಯ: ಸರ್ಕಲ್ಲನ್ನು ಇಡಿಯಾಗಿ ತೆಗೆಯುವುದಾದರೆ?

ಹಿರಿಯರು: ಆಗ ಟ್ರೈಪಾಡ್ ಬೇಕು. ಒಂದೆರಡು ಬೀದಿದೀಪವಷ್ಟೇ ಇರುವ ಕಡೆ ಐಎಸ್‌ಒ 100, ಅಪರ್ಚರ್ 8 ಇಟ್ಟರೆ ಹತ್ತು ಹದಿನೈದು ಸೆಕೆಂಡು ಶಟರ್ ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಹಾದುಹೋದ ಲಾರಿ ಕಾಣುವುದಿಲ್ಲ, ಅದರ ದೀಪಗಳ ಗೆರೆ ಮಾತ್ರ ಉಳಿಯುತ್ತದೆ. ಬರುವ ಗಾಡಿಯದು ಬಿಳಿ ಗೆರೆ, ಹೋಗುವ ಗಾಡಿಯದು ಕೆಂಪು. ಘಾಟಿಯ ಕಡೆಗೆ ಕ್ಯಾಮರಾ ತಿರುಗಿಸಿದರೆ ಕರಾವಳಿಗೆ ಇಳಿದವರು, ಅಲ್ಲಿಂದ ಹತ್ತಿ ಬಂದವರು ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತಾರೆ. ಬ್ರಸಾಯ್ ಇಂಥ ದೀರ್ಘ ಎಕ್ಸ್‌ಪೋಶರನ್ನು ಸಿಗರೇಟಿನಿಂದ ಅಳೆಯುತ್ತಿದ್ದನಂತೆ. ಬೆಳಕಿದ್ದರೆ ಬೇಗ ಉರಿಯುವ ಸಿಗರೇಟು, ಕತ್ತಲು ಹೆಚ್ಚಿದ್ದರೆ ದಪ್ಪನೆಯದು. ದೀಪ ನೇರ ಲೆನ್ಸಿಗೆ ಹೊಡೆಯದಂತೆ ಅದನ್ನು ಮರದ ಹಿಂದೆಯೋ ಕಂಬದ ಹಿಂದೆಯೋ ಮರೆಮಾಡುವುದೂ ಅವನ ಕ್ರಮವಾಗಿತ್ತು. ಸಿಲ್ವರ್ ಓಕ್ ಸಾಲು ಇರುವ ಈ ಸೀಮೆಯಲ್ಲಿ ಹಾಗೆ ಮರೆಮಾಡಲು ಮರಕ್ಕೆ ಬರವಿಲ್ಲ.

ಕಿರಿಯ: ಈಗಿನ ಫೋನುಗಳಿಗೆ ಟ್ರೈಪಾಡೇ ಬೇಡವಲ್ಲ ಸಾರ್. ರಾತ್ರಿ ಮೋಡ್ ಒತ್ತಿದರೆ ಹಗಲಿನಂತೆ ಬರುತ್ತದೆ.

ಹಿರಿಯರು: ಹಗಲಿನಂತೆ ಬರುವುದೇ ಅದರ ಕೊರತೆ ಮಾರಾಯ. ಅದು ಮಾಡುವುದಿಷ್ಟು: ಚಿಕ್ಕ ಚಿಕ್ಕ ಎಕ್ಸ್‌ಪೋಶರಿನ ಹಲವು ಚಿತ್ರಗಳನ್ನು ಸಾಲಾಗಿ ತೆಗೆದು, ಕೈಯ ಅಲುಗಾಟವನ್ನು ಲೆಕ್ಕ ಹಾಕಿ ಒಂದರ ಮೇಲೊಂದು ಕೂಡಿಸುತ್ತದೆ. ಚಿತ್ರಗಳ ಸರಾಸರಿಯಲ್ಲಿ ಕಾಳು ಕಾಳಾದ ನಾಯ್ಸ್ ಇಳಿಯುತ್ತದೆ. 2018, 2019ರ ಹೊತ್ತಿಗೆ ಇದು ಫೋನುಗಳಲ್ಲಿ ಸಾಮಾನ್ಯವಾಯಿತು. ವಿದ್ಯೆ ನಿಜಕ್ಕೂ ದೊಡ್ಡದು. ಆದರೆ ನೆರಳನ್ನೆಲ್ಲ ಎತ್ತಿ ತೋರಿಸುವುದು ಅದಕ್ಕೆ ಕಲಿಸಿದ ಪಾಠ. ಮುಚ್ಚಿದ ಅಂಗಡಿ ಮುಚ್ಚಿದ ಹಾಗೆ ಕಾಣಬೇಕಾದರೆ ಕತ್ತಲನ್ನು ಕತ್ತಲಾಗಿಯೇ ಬಿಡಬೇಕು.

ಕಿರಿಯ: ಫೋನಿನಲ್ಲೂ ಎಕ್ಸ್‌ಪೋಶರ್ ಇಳಿಸಬಹುದು. ಜತೆಗೆ, ದೊಡ್ಡ ಕ್ಯಾಮರಾ, ಟ್ರೈಪಾಡು ಕಂಡರೆ ಜನ ಕೆಲಸ ಬಿಟ್ಟು ನೋಡುತ್ತಾರೆ, ಫೋನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ಹಿರಿಯರು: ಆ ಮಾತು ಒಪ್ಪತಕ್ಕದ್ದೇ. ಎಕ್ಸ್‌ಪೋಶರನ್ನು ಕೈಯಾರೆ ಇಳಿಸಿ ತೆಗೆಯುವವನ ಫೋನು ಒಳ್ಳೆಯ ಸಾಧನ. ಮಂಜಿನ ಹೊತ್ತಿಗೆ ಮಾತ್ರ ಅದು ಸೋಲುವುದು ಹೆಚ್ಚು. ಮಂಜನ್ನು ಅದು ಮಬ್ಬಾದ ದೋಷ ಎಂದುಕೊಂಡು ತಿದ್ದಿಬಿಡುತ್ತದೆ.

ಕಿರಿಯ: ಕೊಟ್ಟಿಗೆಹಾರ ಎಂದರೆ ಮಂಜೇ. ಅದರ ಕ್ರಮ ಹೇಗೆ?

ಹಿರಿಯರು: ಇಲ್ಲಿ ಎರಡು ಬಗೆಯ ಮಂಜು. ಮಳೆಗಾಲದ್ದು ಅರಬ್ಬೀ ಸಮುದ್ರದ ಗಾಳಿ ಘಾಟಿಯ ಗೋಡೆಗೆ ತಾಗಿ ಮೇಲೇರಿ ತಣಿದು ಆದ ಮೋಡ. ನೆಲಕ್ಕೇ ಇಳಿದ ಮೋಡವದು, ಸರಿಯುತ್ತಲೇ ಇರುತ್ತದೆ. ಐದು ನಿಮಿಷ ದಟ್ಟ, ಐದು ನಿಮಿಷ ತೆಳು. ಚಳಿಗಾಲದ್ದು ರಾತ್ರಿ ನೆಲ ತಣಿದು ತಗ್ಗಿನಲ್ಲಿ ಕಟ್ಟುವ ಮಂಜು. ಅದು ನಡುರಾತ್ರಿಯ ನಂತರ ಹುಟ್ಟಿ ಸೂರ್ಯ ಮೇಲೆ ಬರುವವರೆಗೆ ಕದಲದೆ ನಿಂತಿರುತ್ತದೆ. ಮೊದಲನೆಯದಕ್ಕೆ ಕಾಯುವ ತಾಳ್ಮೆ ಬೇಕು, ಎರಡನೆಯದಕ್ಕೆ ನಿದ್ದೆಗೆಡುವ ತಾಳ್ಮೆ.

ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು. ಅದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಚೆದರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದು ಅದಕ್ಕೇ. ಚೆದರಿದ ಬೆಳಕಿನಲ್ಲಿ ಹೆಚ್ಚಿನ ಪಾಲು ಮುಂದಕ್ಕೇ ಹೋಗುತ್ತದೆ. ಆದ್ದರಿಂದ ದೀಪ ಎದುರಿಗಿದ್ದು, ನಡುವೆ ಒಬ್ಬ ಮನುಷ್ಯ ನಿಂತಿದ್ದರೆ ಅವನ ನೆರಳು ನೆಲದ ಮೇಲಷ್ಟೇ ಬೀಳದೆ ಗಾಳಿಯಲ್ಲೇ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಘಾಟಿ ಹತ್ತಿ ಬರುವ ಬಸ್ಸಿನ ಹೆಡ್‌ಲೈಟ್ ಕಾಣುವ ಮೊದಲೇ ತಿರುವಿನ ಹಿಂದಿನ ಮಂಜು ಬೆಳ್ಳಗಾಗುತ್ತದೆ, ಮರಗಳು ಒಂದೊಂದಾಗಿ ಕಪ್ಪಗೆ ಎದ್ದು ನಿಲ್ಲುತ್ತವೆ. ಬಸ್ಸು ಕಂಡ ಮೇಲೆ ಆ ಚಿತ್ರ ಮುಗಿಯಿತು. ಶಟರ್ ಒತ್ತಬೇಕಾದದ್ದು ಅದಕ್ಕಿಂತ ಮೊದಲು. ಇಲ್ಲಿ ಫ್ಲ್ಯಾಶ್ ಹಾಕುವುದು ದೊಡ್ಡ ತಪ್ಪು. ಲೆನ್ಸಿನ ಪಕ್ಕದಿಂದ ಹೊರಟ ಬೆಳಕು ಹತ್ತಿರದ ಹನಿಗಳಿಗೆ ಬಡಿದು ವಾಪಸ್ ಬಂದು ಬಿಳಿ ಗೋಡೆಯಾಗುತ್ತದೆ. ಮಂಜಿನಲ್ಲಿ ಡ್ರೈವರುಗಳು ದೀಪ ಡಿಮ್ ಮಾಡುವುದೂ ಇದೇ ಕಾರಣಕ್ಕೆ. ಎದುರಿನ ಡ್ರೈವರಿನ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದಂತೂ ಘಾಟಿಯ ಬಾಯಲ್ಲಿ ಪ್ರಾಣದ ಮೇಲಿನ ಆಟ.

ಕಿರಿಯ: ಮಂಜಿನಲ್ಲಿ ಕ್ಯಾಮರಾ ಕೊಡುವ ಅಳತೆಯನ್ನು ನಂಬಬಹುದೇ?

ಹಿರಿಯರು: ನಂಬಿದರೆ ಮಂಜು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಚಿತ್ರದಲ್ಲಿ ಬೆಳ್ಳಗಿರುವುದೇ ಹೆಚ್ಚಾದಾಗ ಕ್ಯಾಮರಾ ಬೆಳಕು ಹೆಚ್ಚಾಯಿತು ಎಂದುಕೊಂಡು ಇಳಿಸುತ್ತದೆ. ಅರ್ಧದಿಂದ ಒಂದು ಸ್ಟಾಪ್ ಏರಿಸಬೇಕು. ಒಂದೇ ದೀಪ, ಸುತ್ತ ಕತ್ತಲು ಇದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ. ಫೋಕಸ್ಸನ್ನೂ ಕ್ಯಾಮರಾಕ್ಕೆ ಬಿಡದೆ ದೂರದ ಒಂದು ಬಲ್ಬಿಗೆ ಕೈಯಾರೆ ಕೂಡಿಸಿಕೊಳ್ಳುವುದು ಒಳ್ಳೆಯದು.

ಕಿರಿಯ: ಮಳೆ, ತೇವ, ಬೂಷ್ಟು?

ಹಿರಿಯರು: ಮಲೆನಾಡಿನಲ್ಲಿ ಲೆನ್ಸಿಗೆ ಕಳ್ಳನಿಗಿಂತ ಬೂಷ್ಟು ಅಪಾಯ. ಕತ್ತಲಲ್ಲಿ, ತೇವದಲ್ಲಿ, ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಒಂದೇ ಮಳೆಗಾಲಕ್ಕೆ ಜೇಡರಬಲೆಯಂಥ ಎಳೆ ಹಬ್ಬುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಆಗಾಗ ಅದನ್ನು ಬಿಸಿ ಮಾಡಿ ಒಣಗಿಸುವುದು ಇಷ್ಟಾದರೂ ಬೇಕು. ಬೆಚ್ಚಗಿನ ಹೋಟ್ಲಿನೊಳಕ್ಕೆ ತಣ್ಣನೆಯ ಕ್ಯಾಮರಾ ತಂದ ಕೂಡಲೇ ಲೆನ್ಸಿನ ಮೇಲೆ ನೀರು ಕೂರುತ್ತದೆ. ಚೀಲದಲ್ಲೇ ಹತ್ತು ನಿಮಿಷ ಬಿಟ್ಟು ಆಮೇಲೆ ತೆರೆಯಬೇಕು.

ಕಿರಿಯ: ವರ್ಷದಲ್ಲಿ ಯಾವ ಕಾಲ ಒಳ್ಳೆಯದು?

ಹಿರಿಯರು: ಇಂಥ ಕಾಲ ಎಂದಿಲ್ಲ, ಕಾಲಕ್ಕೆ ತಕ್ಕ ಬೆಳಕು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಡಾಂಬರು ಪ್ರತಿ ದೀಪವನ್ನೂ ಎರಡು ಮಾಡುತ್ತದೆ. ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವುದೂ ಆಗಲೇ ಹೆಚ್ಚು. ಅಂಥ ರಾತ್ರಿ ಊರಿನಲ್ಲಿ ಉಳಿಯುವುದು ಮೇಣದಬತ್ತಿ, ಫೋನಿನ ಟಾರ್ಚು, ಹಾದುಹೋಗುವ ಗಾಡಿಯ ದೀಪ. ಬೀದಿದೀಪ ಬರುವ ಮೊದಲಿನ ಕೊಟ್ಟಿಗೆಹಾರ ಹೇಗಿತ್ತು ಎಂಬುದಕ್ಕೆ ಅಷ್ಟು ಹತ್ತಿರದ ಚಿತ್ರ ಬೇರೆ ಸಿಗದು. ನವೆಂಬರ್‌ನಿಂದ ಕಾಫಿ ಕೊಯ್ಲು. ಪೇಟೆಯ ರಾತ್ರಿಗೂ ಅದರ ಗುರುತು ಬೀಳುತ್ತದೆ. ಕೊಯ್ಲಿಗೆ ದೂರದ ರಾಜ್ಯಗಳಿಂದ ಬಂದ ಕೆಲಸದವರು ಬಸ್ಸಿಳಿದು ಗಂಟುಮೂಟೆ ಇಟ್ಟುಕೊಂಡು ತೋಟದ ಜೀಪಿಗೆ ಕಾಯುತ್ತಿರುತ್ತಾರೆ.

ಶಿವರಾತ್ರಿಯ ಮುಂಚಿನ ದಿನಗಳು ಎಲ್ಲಕ್ಕಿಂತ ಬೇರೆ. ಬೆಂಗಳೂರು, ಹಾಸನ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ಇದೇ ದಾರಿಯಲ್ಲಿ ಬರುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿ, ನಸುಕಿನಲ್ಲಿ ನಡೆಯುವವರು ಬಹಳ. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಚೀಲ, ಬೊಬ್ಬೆ ಎದ್ದ ಕಾಲಿಗೆ ಸುತ್ತಿದ ಬಟ್ಟೆ. ದಾರಿಬದಿಯಲ್ಲಿ ಊಟ, ಮಜ್ಜಿಗೆ ಕೊಡುವವರು. ಹತ್ತಾರು ಟಾರ್ಚುಗಳ ಸಾಲು ಘಾಟಿಯ ಕಡೆಗೆ ಇಳಿಯುವುದನ್ನು ದೂರದಿಂದ ಅರ್ಧ ನಿಮಿಷದ ಎಕ್ಸ್‌ಪೋಶರಿನಲ್ಲಿ ತೆಗೆದರೆ ನಡಿಗೆಯ ಏರಿಳಿತವೆಲ್ಲ ಗೆರೆಯಲ್ಲಿ ಮೂಡುತ್ತದೆ. ಗಾಡಿಯ ದೀಪದ ಗೆರೆ ನೇರ, ನಡೆಯುವವರ ಗೆರೆ ಅಲೆ ಅಲೆ.

ಕಿರಿಯ: ದಾರಿಯೇ ಬಂದ್ ಆದ ವರ್ಷಗಳೂ ಇವೆ.

ಹಿರಿಯರು: ಅವುಗಳ ಚಿತ್ರ ಇರಬೇಕಿತ್ತು. 2015ರಲ್ಲಿ ಮತ್ತು 2018ರಲ್ಲಿ ಶಿರಾಡಿ ಘಾಟಿಯಲ್ಲಿ ಕಾಂಕ್ರೀಟ್ ಕೆಲಸ ನಡೆದಾಗ ಅಲ್ಲಿಯ ಗಾಡಿಗಳು ಚಾರ್ಮಾಡಿಗೆ ತಿರುಗಿದವು, ಸರ್ಕಲ್ಲಿನಲ್ಲಿ ರಾತ್ರಿಯಿಡೀ ಹೆಡ್‌ಲೈಟು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯೇ ಮುಚ್ಚಿತು. ದಾರಿ ತೆರೆದ ಮೇಲೂ ಮೊದಲು ಸಣ್ಣ ಗಾಡಿಗಳಿಗಷ್ಟೇ ಅವಕಾಶ, ಕೆಲ ಕಾಲ ರಾತ್ರಿ ಸಂಚಾರವೇ ಇರಲಿಲ್ಲ. ಗಾಡಿ ನಿಂತರೆ ಬೆಳಕು ನಿಂತಿತು, ಬೆಳಕು ನಿಂತರೆ ಹೋಟ್ಲಿನ ಸಂಪಾದನೆಯೂ ನಿಂತಿತು. ಒಂದೇ ಜಾಗದಿಂದ ಈ ಎರಡು ಕಾಲದ ರಾತ್ರಿಗಳನ್ನು ತೆಗೆದಿಟ್ಟಿದ್ದರೆ ಹೆದ್ದಾರಿಯ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಡ.

ಕಿರಿಯ: ಬೆಳಕಿಗೆ ಒಡೆಯರಿದ್ದಾರೆ ಎಂದಿರಿ. ಹಾಗಾದರೆ ಅಪ್ಪಣೆ ಕೇಳಿಯೇ ತೆಗೆಯಬೇಕೇ? ಕೇಳಿದ ಕೂಡಲೇ ಮನುಷ್ಯ ಸೆಟೆದು ನಿಲ್ಲುತ್ತಾನೆ. ಚಿತ್ರ ಹಾಳು.

ಹಿರಿಯರು: ದಾರಿಯ ಮೇಲಿನ ದೂರದ ನೋಟಕ್ಕೆ ಕೇಳಬೇಕಾಗಿಲ್ಲ. ಮುಖ ಗುರುತು ಸಿಗುವಷ್ಟು ಹತ್ತಿರವಾದರೆ ಕೇಳಬೇಕು. ಕೇಳಿ, ಮಾತಾಡಿ, ಚಾ ಕುಡಿದು, ಮತ್ತೆ ಅರ್ಧ ಗಂಟೆ ಅಲ್ಲೇ ಇದ್ದರೆ ಸೆಟೆದವನು ತನ್ನ ಪಾಡಿಗೆ ತಾನು ಕೆಲಸಕ್ಕೆ ಮರಳುತ್ತಾನೆ. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಈ ಕಾಯುವಿಕೆ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ತಿರುಗಿದ್ದು ಇದೇ ಮೂಡಿಗೆರೆ ಸೀಮೆಯಲ್ಲಿ, ಅವರ ಹೆಸರಿನ ಪ್ರತಿಷ್ಠಾನ ಇರುವುದೂ ಕೊಟ್ಟಿಗೆಹಾರದಲ್ಲೇ. ಹಕ್ಕಿ ಯಾವ ಹೊತ್ತಿಗೆ ಯಾವ ಮರಕ್ಕೆ ಬರುತ್ತದೆ ಎಂದು ತಿಳಿದವನಿಗೆ ಚಿತ್ರ ಸಿಗುತ್ತದೆ. ರಾತ್ರಿಯ ಪೇಟೆಯಲ್ಲೂ ಯಾವ ಬಸ್ಸು ಯಾವ ಹೊತ್ತಿಗೆ, ಯಾವ ಹೋಟ್ಲಿನ ಒಲೆ ಎಷ್ಟು ಗಂಟೆಗೆ ಹೊತ್ತುತ್ತದೆ ಎಂದು ತಿಳಿದಿರಬೇಕು.

ಕಿರಿಯ: ತಂಗುದಾಣದಲ್ಲಿ ಮಲಗಿದವರು? ಅವರನ್ನು ಕೇಳುವುದು ಹೇಗೆ?

ಹಿರಿಯರು: ಕೇಳಲಾಗದವರನ್ನು ತೆಗೆಯಬಾರದು. ಮಲಗಿದವರು, ಕುಡಿದು ಬಿದ್ದವರು, ಒಂಟಿಯಾಗಿ ಬಸ್ಸಿಗೆ ಕಾಯುವ ಹೆಂಗಸರು, ಭಾಷೆ ತಿಳಿಯದ ಊರಿನಲ್ಲಿ ಬಂದಿಳಿದ ಕೂಲಿಯವರ ಮಕ್ಕಳು. ಬ್ರಸಾಯ್ ತೆಗೆದದ್ದರಲ್ಲಿ ಇಂಥವೂ ಉಂಟು, ಅವನು ದೊಡ್ಡವನು ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಅವರ ಚೀಲ, ಚಪ್ಪಲಿ, ಬೆಂಚಿನ ಮೇಲೆ ಬಿದ್ದ ದೀಪ ಇಷ್ಟರಲ್ಲೇ ಕಾಯುವಿಕೆಯನ್ನು ಹೇಳಬಹುದು.

ಕಿರಿಯ: ಪ್ರವಾಸಿಗಳನ್ನು ಚಿತ್ರದಿಂದ ಹೊರಗಿಡಬೇಕು ಎನ್ನುವವರಿದ್ದಾರೆ. ಅದು ಒಪ್ಪುವ ಮಾತಲ್ಲ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ನಡುರಾತ್ರಿಯ ಮೇಲೆ ಇಲ್ಲಿಗೆ ತಲುಪಿ, ಕಾರಿನಲ್ಲೇ ಕಾಲು ಚಾಚಿ ಬೆಳಗಾಗುವುದನ್ನು ಕಾಯುವವರೂ ಈ ಪೇಟೆಯ ರಾತ್ರಿಗೆ ಸೇರಿದವರೇ.

ಹಿರಿಯರು: ಸರಿಯಾದ ಮಾತು. ಅವರಿಲ್ಲದ ಕೊಟ್ಟಿಗೆಹಾರವನ್ನು ತೋರಿಸುವುದು ಸುಳ್ಳು. ಕಾರಿನ ಮಂಜು ಹಿಡಿದ ಗಾಜಿನ ಒಳಗೆ ಬೆಳಗುವ ಫೋನು, ಹೊರಗೆ ಆಗಷ್ಟೇ ಬಾಗಿಲು ತೆಗೆದ ಹೋಟ್ಲು ಎರಡೂ ಒಂದೇ ಚಿತ್ರದಲ್ಲಿ ಬಂದರೆ ಈ ಪೇಟೆಯ ಬದುಕು ಸಮವಾಗಿ ಕಾಣುತ್ತದೆ.

ಕಿರಿಯ: ಪೇಟೆ ದಾಟಿ ಘಾಟಿಯ ಕಡೆ ನಡೆಯಬಹುದೇ?

ಹಿರಿಯರು: ರಾತ್ರಿ ಬೇಡ. ಈ ಮೂಡಿಗೆರೆ ತಾಲ್ಲೂಕಿನಲ್ಲಿ ಕಾಡಾನೆ ತೋಟದಲ್ಲೂ ಬರುತ್ತದೆ, ರಸ್ತೆಯಲ್ಲೂ ಬರುತ್ತದೆ. ಮಂಜಿನಲ್ಲಿ ಡ್ರೈವರಿಗೆ ರಸ್ತೆಯಂಚಿನ ಬಿಳಿ ಗೆರೆಯೊಂದೇ ದಾರಿ ತೋರಿಸುವುದು, ಆ ಗೆರೆಯ ಮೇಲೆ ಟ್ರೈಪಾಡ್ ಹಾಕಿ ನಿಂತವನು ಅವನಿಗೆ ಕಾಣುವುದಿಲ್ಲ. ದೀಪದ ವ್ಯಾಪ್ತಿಯೊಳಗೆ, ರಸ್ತೆಯಿಂದ ಹೊರಗೆ, ಬೆಳಕು ಮಿಂಚಿಸುವ ಜಾಕೆಟ್ ತೊಟ್ಟು ನಿಲ್ಲಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಲ್ಲಿಯವರೆಗೆ ಚಿತ್ರ ತೆಗೆಯದೆ ಸುಮ್ಮನೆ ನೋಡುವುದು ಲಾಭ.

ಕಿರಿಯ: ತೆಗೆದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು?

ಹಿರಿಯರು: ಮಂಜಿರುವ ಚಿತ್ರವೆಲ್ಲ ಮೊದಲ ನೋಟಕ್ಕೆ ಚಂದ. ಮಂಜನ್ನು ತೆಗೆದುಹಾಕಿದರೆ ಅದರಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ಬಿದ್ದುಹೋಗುತ್ತವೆ. ಉಳಿದವಕ್ಕೆ ದಿನಾಂಕ, ಗಂಟೆ, ಕ್ಯಾಮರಾ ಮುಖಮಾಡಿದ ದಿಕ್ಕು, ಕರೆಂಟು ಇತ್ತೇ ಇಲ್ಲವೇ, ದೀಪ ಸೋಡಿಯಮ್ಮೋ ಎಲ್‌ಇಡಿಯೋ ಎಂದು ಬರೆದಿಡಬೇಕು. ರಸ್ತೆ ಅಗಲವಾದಾಗ ಕಂಬ, ಮರ, ಅಂಗಡಿಯ ಮಾಡು ಹೋಗುತ್ತವೆ, ಚಿತ್ರ ಎಲ್ಲಿಯದು ಎಂದು ಹೇಳುವ ಗುರುತು ಆಗ ಈ ಬರಹವೊಂದೇ. ಹೋಟ್ಲಿನವರ ಚಿತ್ರ ತೆಗೆದಿದ್ದರೆ ಅದರ ಒಂದು ಪ್ರಿಂಟು, ಲ್ಯಾಮಿನೇಶನ್ ಮಾಡಿಸಿ, ಅವರಿಗೆ ಕೊಡಬೇಕು. ಮಲೆನಾಡಿನ ತೇವಕ್ಕೆ ಬರಿಯ ಕಾಗದ ನಿಲ್ಲುವುದಿಲ್ಲ.